ಓದುಗರ ಪ್ರಶ್ನೆಗೆ ಉತ್ತರ: ಉದ್ದನೆಯ ಇಂಗ್ಲಿಷ್ ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಶಾಲೆಯ ರಸಪ್ರಶ್ನೆ ಸ್ಪರ್ಧೆಯಲ್ಲಿ ‘ಆಂಟಿಡಿಸೆಸ್ಟಾಬ್ಲಿಷ್‌ಮೆಂಟೇರಿಯನಿಸಂ’ ಎಂಬ ಪದದಲ್ಲಿ ಎಷ್ಟು ಸಿಲೆಬಲ್‌ಗಳಿವೆ ಎಂದು ಕೇಳಿದಾಗ ಒಂದು ತಂಡ ಹನ್ನೊಂದು ಎಂದಿತು, ಇನ್ನೊಂದು ಹನ್ನೆರಡು ಎಂದಿತು, ಮೂರನೆಯದು ಆರು ಎಂದಿತು. ಮೂರು ತಂಡಗಳೂ ತಮ್ಮ ಉತ್ತರವೇ ಸರಿ ಎಂದು ವಾದಿಸಿದವು. ಯಾವುದು ಸರಿ? ಈ ಪದದಲ್ಲಿ ಒತ್ತು ಎಲ್ಲಿ ಬೀಳಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.
(ಹಾವೇರಿ ಜಿಲ್ಲೆಯ ಶಿಕ್ಷಕಿಯೊಬ್ಬರು)

ಉತ್ತರ: ಸಿಲೆಬಲ್‌ಗಳ ಲೆಕ್ಕಕ್ಕೆ ಸರಿಯುತ್ತರ ಹನ್ನೆರಡು. ಹನ್ನೊಂದು ಎಂದವರು ಪದದ ಕೊನೆಯಲ್ಲಿ ಒಂದನ್ನು ಬಿಟ್ಟಿದ್ದಾರೆ. ಆರು ಎಂದ ಮಕ್ಕಳ ಉತ್ತರ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅವರು ಎಣಿಸಿದ್ದು ಸಿಲೆಬಲ್‌ಗಳನ್ನಲ್ಲ, ಅರ್ಥವುಳ್ಳ ಪದಭಾಗಗಳನ್ನು. ಆ ಎಣಿಕೆ ಸರಿಯಾಗಿಯೇ ಇದೆ. ಉದ್ದನೆಯ ಇಂಗ್ಲಿಷ್ ಪದವನ್ನು ನಾಲಿಗೆ ಒಂದು ರೀತಿಯಲ್ಲಿ ಬಿಡಿಸುತ್ತದೆ, ಅರ್ಥ ಇನ್ನೊಂದು ರೀತಿಯಲ್ಲಿ ಬಿಡಿಸುತ್ತದೆ. ಈ ಎರಡರ ಗಡಿಗಳು ಒಂದೇ ಕಡೆ ಬೀಳಬೇಕಾಗಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿದರೆ, ಇಂತಹ ಪದಗಳನ್ನು ಕಂಡಾಗಿನ ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ.

ಮೊದಲು ಉಚ್ಚಾರಣೆಯ ಲೆಕ್ಕ. ರೋಮನ್ ಲಿಪಿಯಲ್ಲಿ ಈ ಪದಕ್ಕೆ 28 ಅಕ್ಷರಗಳಿವೆ. ಆದರೆ ಸಿಲೆಬಲ್ ಎಂಬುದು ಬರೆದ ಅಕ್ಷರಗಳ ಲೆಕ್ಕವಲ್ಲ. ಬಾಯಿ ಎಷ್ಟು ಸಲ ಸ್ವರಕ್ಕಾಗಿ ತೆರೆದುಕೊಳ್ಳುತ್ತದೆ ಎಂಬುದರ ಲೆಕ್ಕ. ನಿಧಾನವಾಗಿ ಹೇಳಿ ನೋಡಿ: ಆನ್–ಟಿ–ಡಿಸ್–ಇ–ಸ್ಟಾಬ್–ಲಿಷ್–ಮನ್–ಟೇ–ರಿ–ಅ–ನಿ–ಜಮ್. ಒಟ್ಟು ಹನ್ನೆರಡು. ಕೊನೆಯ ಭಾಗವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಎಸ್’ ಮತ್ತು ‘ಎಮ್’ ನಡುವೆ ಯಾವ ಸ್ವರವನ್ನೂ ಬರೆಯುವುದಿಲ್ಲವಾದ್ದರಿಂದ ಕಣ್ಣಿನಿಂದ ಎಣಿಸುವವರಿಗೆ ಅದು ಒಂದೇ ಸಿಲೆಬಲ್ಲಿನಂತೆ ಕಾಣುತ್ತದೆ. ಕಿವಿಯಿಂದ ಎಣಿಸುವವರಿಗೆ ಎರಡು ಕೇಳಿಸುತ್ತವೆ. ‘ಜ’ಕಾರದ ಗುಂಯ್ಗುಡುವ ಧ್ವನಿಯಿಂದ ‘ಮ’ಕಾರಕ್ಕೆ ದಾಟುವಾಗ ನಡುವೆ ಸಣ್ಣದೊಂದು ಸ್ವರ ಹುಟ್ಟುತ್ತದೆ, ಇಲ್ಲವೇ ‘ಮ್’ ತಾನೇ ಸ್ವರದ ಕೆಲಸವನ್ನು ಮಾಡುತ್ತದೆ. ‘ಪ್ರಿಸಂ’, ‘ಟೂರಿಸಂ’, ‘ರಿದಂ’ ಪದಗಳ ಕೊನೆಯಲ್ಲಿ ಆಗುವುದೂ ಇದೇ. ಈ ವಿಷಯದಲ್ಲಿ ನಮ್ಮ ಲಿಪಿ ಇಂಗ್ಲಿಷ್ ಕಾಗುಣಿತಕ್ಕಿಂತ ಪ್ರಾಮಾಣಿಕವಾದದ್ದು. ಕನ್ನಡದಲ್ಲಿ ‘ರಿದಂ’ ಎಂದು ಬರೆದ ಕೂಡಲೇ ಎರಡು ಸಿಲೆಬಲ್‌ಗಳೂ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಇಂಗ್ಲಿಷ್ ಪದದ ಸಿಲೆಬಲ್‌ಗಳನ್ನು ಎಣಿಸಬೇಕಾದಾಗ, ಅದನ್ನು ಕೇಳಿದಂತೆ ಕನ್ನಡದಲ್ಲಿ ಬರೆದುಕೊಂಡು ಸ್ವರಗಳನ್ನು ಲೆಕ್ಕ ಹಾಕುವಂತೆ ಮಕ್ಕಳಿಗೆ ಹೇಳುವುದರಲ್ಲಿ ಯಾವ ತಪ್ಪೂ ಇಲ್ಲ.

ಇನ್ನು ಪದಭಾಗಗಳು. ಇವುಗಳನ್ನು ಬಿಡಿಸಲು ಪದದ ಹಿಂದಿರುವ ವಿವಾದವನ್ನು ಸ್ವಲ್ಪ ತಿಳಿದುಕೊಳ್ಳಬೇಕು, ಏಕೆಂದರೆ ಇಲ್ಲಿ ‘ಎಸ್ಟಾಬ್ಲಿಷ್‌ಮೆಂಟ್’ ಎಂದರೆ ಯಾವುದೋ ಒಂದು ಸಂಸ್ಥೆ ಎಂದಲ್ಲ. ಇಂಗ್ಲೆಂಡಿನಲ್ಲಿ ದೊರೆ ಎಂಟನೆಯ ಹೆನ್ರಿಯ ಕಾಲದಲ್ಲಿ, 1534ರ ಕಾಯ್ದೆಯ ಮೂಲಕ, ಅಲ್ಲಿನ ಚರ್ಚು ರೋಮಿನ ಪೋಪನ ಅಧಿಕಾರದಿಂದ ಹೊರಬಂದು ದೊರೆಯ ಅಧೀನಕ್ಕೆ ಬಂದಿತು. ಹೀಗೆ ಕಾನೂನಿನ ಬಲದಿಂದ ರಾಜ್ಯದ ಅಧಿಕೃತ ಚರ್ಚಾಗಿರುವ ಸ್ಥಿತಿಗೆ ಎಸ್ಟಾಬ್ಲಿಷ್‌ಮೆಂಟ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಾನೂನಿನ ನಂಟನ್ನು ಕಡಿಯಬೇಕೆಂಬ ಬೇಡಿಕೆ ಬಲವಾಯಿತು. ಬಹುಸಂಖ್ಯಾತರು ಕ್ಯಾಥೊಲಿಕರಾಗಿದ್ದ ಐರ್ಲೆಂಡಿನಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಅವರ ಸರ್ಕಾರ 1869ರಲ್ಲಿ ತಂದ ಕಾಯ್ದೆಯಿಂದ ಆ ನಂಟು ಕಡಿಯಿತು. ಅದು ಜಾರಿಗೆ ಬಂದದ್ದು 1871ರ ಜನವರಿ 1ರಂದು. ವೇಲ್ಸ್ ಪ್ರಾಂತಕ್ಕೆ 1914ರಲ್ಲಿ ಕಾಯ್ದೆಯಾದರೂ ಮಹಾಯುದ್ಧದ ಕಾರಣದಿಂದ ತಡವಾಗಿ 1920ರಲ್ಲಿ ಜಾರಿಯಾಯಿತು. ಭಾರತದ ಆಂಗ್ಲಿಕನ್ ಚರ್ಚನ್ನು ಇಂಗ್ಲೆಂಡಿನ ಚರ್ಚಿನಿಂದ ಕಾನೂನಿನ ಪ್ರಕಾರ ಬೇರ್ಪಡಿಸಿದ 1927ರ ಕಾಯ್ದೆಯೂ ಇದೇ ಸರಣಿಯಲ್ಲಿ ನಿಲ್ಲುತ್ತದೆ. ಇಂದು ಕರ್ನಾಟಕದಲ್ಲಿ ‘ಸಿ.ಎಸ್.ಐ.’ ಎಂದು ಕರೆಯಲಾಗುವ, 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಚರ್ಚಿಗೆ ಆ ಬೇರ್ಪಡುವಿಕೆ ದಾರಿ ಮಾಡಿಕೊಟ್ಟಿತು. ಇಂಗ್ಲೆಂಡಿನಲ್ಲಿ ಮಾತ್ರ ಆ ನಂಟು ಇಂದಿಗೂ ಉಳಿದಿದ್ದು, 26 ಮಂದಿ ಬಿಷಪ್ಪರು ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿ ಕುಳಿತುಕೊಳ್ಳುತ್ತಾರೆ. ನಂಟನ್ನು ಕಡಿಯಬಾರದು ಎಂದು ವಾದಿಸಿದವರ ನಿಲುವಿಗೆ ಕೊಟ್ಟ ಹೆಸರೇ ನಿಮ್ಮ ರಸಪ್ರಶ್ನೆಯ ಪದ.

ಈಗ ಪದದ ರಚನೆ ತಾನಾಗಿಯೇ ತೆರೆದುಕೊಳ್ಳುತ್ತದೆ. ನಡುವಿನ ‘ಎಸ್ಟಾಬ್ಲಿಷ್’ ಎಂಬ ಕ್ರಿಯಾಪದವೇ ಪ್ರಕೃತಿ. ಅದಕ್ಕೆ ಮುಂದಿನಿಂದ ‘ಡಿಸ್’ ಸೇರಿದಾಗ ಸ್ಥಾಪಿಸಿದ್ದನ್ನು ತೆಗೆದುಹಾಕು ಎಂದಾಗುತ್ತದೆ. ಹಿಂದಿನಿಂದ ‘ಮೆಂಟ್’ ಸೇರಿದಾಗ, ನಮ್ಮ ‘ಆಳು’ ಧಾತು ‘ಇಕೆ’ ಪ್ರತ್ಯಯದಿಂದ ‘ಆಳಿಕೆ’ಯಾಗುವಂತೆ, ಕ್ರಿಯೆಯು ನಾಮಪದವಾಗುತ್ತದೆ. ‘ಏರಿಯನ್’ ಎಂಬ ಪ್ರತ್ಯಯ ಆ ಪಕ್ಷಕ್ಕೆ ಸೇರಿದವನನ್ನು ಸೂಚಿಸುತ್ತದೆ. ‘ಇಸಂ’ ಅವನ ವಾದವನ್ನು ಸೂಚಿಸುತ್ತದೆ. ಎಲ್ಲಕ್ಕಿಂತ ಮುಂದೆ ನಿಂತ ‘ಆಂಟಿ’ ಆ ವಾದವನ್ನು ವಿರೋಧಿಸುತ್ತದೆ. ಹೀಗೆ ಆಂಟಿ, ಡಿಸ್, ಎಸ್ಟಾಬ್ಲಿಷ್, ಮೆಂಟ್, ಏರಿಯನ್, ಇಸಂ ಎಂಬ ಆರು ಭಾಗಗಳಾದವು. ಇನ್ನೂ ಆಳಕ್ಕೆ ಹೋದರೆ ‘ಏರಿಯನ್’ ಕೂಡ ಲ್ಯಾಟಿನ್ ಮೂಲದ ಎರಡು ಪ್ರತ್ಯಯಗಳ ಕೂಡಿಕೆ ಎನ್ನಬಹುದು. ಶಾಲೆಯ ಮಟ್ಟದಲ್ಲಿ ಆರು ಸಾಕು.

‘ಎಸ್ಟಾಬ್ಲಿಷ್’ ಎಂಬುದರ ಹಿನ್ನೆಲೆಯನ್ನೂ ಮಕ್ಕಳಿಗೆ ಹೇಳಿ. ಲ್ಯಾಟಿನ್ನಿನಲ್ಲಿ ‘ನಿಲ್ಲು’ ಎಂಬ ಅರ್ಥದ ‘ಸ್ತಾ’ ಧಾತುವಿನಿಂದ ‘ಗಟ್ಟಿಯಾಗಿ ನಿಂತದ್ದು’ ಎಂಬ ಅರ್ಥದ ‘ಸ್ತಾಬಿಲಿಸ್’ ಹುಟ್ಟಿತು, ಅದರಿಂದ ಕ್ರಿಯಾಪದವಾಯಿತು, ಅದು ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಿತು. ಸಂಸ್ಕೃತದ ‘ಸ್ಥಾ’ ಧಾತು ಇದರದೇ ಕುಲದ್ದು. ನಾವು ದಿನವೂ ಬಳಸುವ ಸ್ಥಿರ, ಸ್ಥಾನ, ಸ್ಥಾಪನೆಗಳು ಅದರಿಂದ ಬಂದವು. ಪದದ ಆರಂಭದ ‘ಎ’ಕಾರ ಮೂಲದಲ್ಲಿ ಇರಲಿಲ್ಲ. ‘ಸ್ತ’ ಎಂಬ ಒತ್ತಕ್ಷರದಿಂದ ಪದವನ್ನು ಆರಂಭಿಸುವುದು ಕಷ್ಟವಾದ್ದರಿಂದ ಹಳೆಯ ಫ್ರೆಂಚರು ಮುಂದೆ ಒಂದು ಸ್ವರವನ್ನು ಇಟ್ಟುಕೊಂಡರು. ನಮ್ಮ ಹಳ್ಳಿಗಳಲ್ಲಿ ‘ಸ್ಕೂಲು’ ಎಂಬುದು ‘ಇಸ್ಕೂಲು’ ಆದದ್ದಕ್ಕೂ ಇದೇ ಕಾರಣ. ಹಾಗೆ ಹೇಳುವ ಮಗುವನ್ನು ಗದರಿಸುವ ಶಿಕ್ಷಕರಿಗೆ ಈ ಸಂಗತಿ ತಿಳಿದಿರಬೇಕೆಂದು ನಾನು ಬಯಸುತ್ತೇನೆ.

ಇನ್ನು ಎರಡು ಬಗೆಯ ಗಡಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಅರ್ಥದ ಗಡಿ ‘ಮೆಂಟ್’ ಮುಗಿದ ಮೇಲೆ ಬರುತ್ತದೆ, ಉಚ್ಚಾರಣೆಯ ಗಡಿ ‘ಮನ್’ ಮುಗಿದ ಮೇಲೆಯೇ ಬರುತ್ತದೆ. ‘ಮೆಂಟ್’ ಎಂಬುದರ ಕೊನೆಯ ‘ಟ್’ ಮುಂದಿನ ಸ್ವರದೊಡನೆ ಕೂಡಿ ‘ಟೇ’ ಆಗುತ್ತದೆ. ‘ಏರಿಯನ್’ ಎಂಬುದರ ‘ನ್’ ಕೂಡ ಹಾಗೆಯೇ ಮುಂದೆ ಸರಿದು ‘ನಿ’ ಆಗುತ್ತದೆ. ಇದು ಕನ್ನಡಿಗರಿಗೆ ವಿಚಿತ್ರವಾಗಿ ಕಾಣಬೇಕಾಗಿಲ್ಲ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಲೋಪಸಂಧಿಯಾಯಿತು ಎಂದು ಐದನೆಯ ತರಗತಿಯಿಂದ ಹೇಳಿಕೊಡುತ್ತೇವೆ. ಆ ಪದವನ್ನು ಉಚ್ಚರಿಸುವಾಗ ಊ–ರಲ್–ಲಿ ಎಂದೇ ಬಿಡಿಸುತ್ತೇವೆ, ಪ್ರಕೃತಿ ಮತ್ತು ಪ್ರತ್ಯಯಗಳ ಗಡಿ ಮಾತ್ರ ‘ರ’ ಎಂಬ ಒಂದೇ ಅಕ್ಷರದ ಒಳಗೆ, ವ್ಯಂಜನಕ್ಕೂ ಸ್ವರಕ್ಕೂ ನಡುವೆ ಅಡಗಿ ಕುಳಿತಿರುತ್ತದೆ. ಸಂಧಿ ಬಿಡಿಸಬಲ್ಲ ವಿದ್ಯಾರ್ಥಿ ಇಂಗ್ಲಿಷ್ ಪದವನ್ನೂ ಬಿಡಿಸಬಲ್ಲ. ಅದನ್ನು ಹೀಗೆ ನೋಡಬಹುದು ಎಂದು ಯಾರಾದರೂ ಒಮ್ಮೆ ತೋರಿಸಿದರೆ ಸಾಕು.

ಒತ್ತಿನ ವಿಷಯಕ್ಕೆ ಬಂದರೆ, ನಮ್ಮ ಭಾಷೆಯ ಅನುಭವ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಕನ್ನಡದಲ್ಲಿ ಪದದ ಮೊದಲ ಅಕ್ಷರದ ಮೇಲೆ ತುಸು ಒತ್ತು ಬೀಳುವುದುಂಟು, ಆದರೆ ಅದು ಅರ್ಥವನ್ನು ಬದಲಿಸುವುದಿಲ್ಲ. ‘ಬಳೆ’ಯನ್ನೂ ‘ಬಾಳೆ’ಯನ್ನೂ ಬೇರೆ ಮಾಡುವುದು ಸ್ವರದ ಉದ್ದ, ‘ಕತೆ’ಯನ್ನೂ ‘ಕತ್ತೆ’ಯನ್ನೂ ಬೇರೆ ಮಾಡುವುದು ವ್ಯಂಜನದ ದ್ವಿತ್ವ. ಇಂಗ್ಲಿಷಿನಲ್ಲಿ ಆ ಕೆಲಸದ ಒಂದು ಪಾಲನ್ನು ಒತ್ತು ಮಾಡುತ್ತದೆ. ‘ಪರ್ಮಿಟ್’ ಎಂಬುದನ್ನು ‘ಪರ್’ ಮೇಲೆ ಒತ್ತಿದರೆ ಅದು ಪರವಾನಗಿ, ‘ಮಿಟ್’ ಮೇಲೆ ಒತ್ತಿದರೆ ಅನುಮತಿ ಕೊಡು ಎಂಬ ಕ್ರಿಯಾಪದ. ‘ಆಬ್ಜೆಕ್ಟ್’, ‘ರೆಕಾರ್ಡ್’, ‘ಪ್ರೆಸೆಂಟ್’ ಪದಗಳಲ್ಲಿಯೂ ಹೀಗೆಯೇ. ಒತ್ತು ಬಿದ್ದ ಸಿಲೆಬಲ್ ತುಸು ಉದ್ದವಾಗುತ್ತದೆ, ಅದರ ಸ್ಥಾಯಿ ಬದಲಾಗುತ್ತದೆ, ಅದರ ಸ್ವರ ಪೂರ್ಣವಾಗಿ ಕೇಳಿಸುತ್ತದೆ. ಒತ್ತಿಲ್ಲದ ಸಿಲೆಬಲ್‌ಗಳ ಸ್ವರ ಬಹುಪಾಲು ಸವೆದು ಕನ್ನಡದ ಹ್ರಸ್ವ ‘ಅ’ಕಾರಕ್ಕೆ ಹತ್ತಿರವಾದ ಒಂದು ಮಂದ ಧ್ವನಿಯಾಗುತ್ತದೆ. ನಾನು ಮೇಲೆ ‘ಮೆಂಟ್’ ಎಂಬುದನ್ನು ಉಚ್ಚಾರಣೆಯಲ್ಲಿ ‘ಮನ್’ ಎಂದು ಬರೆದದ್ದು ಇದಕ್ಕಾಗಿಯೇ. ನಾವು ‘ಡಿಪಾರ್ಟ್‌ಮೆಂಟ್’, ‘ಗವರ್ನಮೆಂಟ್’ ಎಂದು ಕೊನೆಯನ್ನು ಪೂರ್ಣ ‘ಎ’ಕಾರದಿಂದ ಹೇಳುತ್ತೇವೆ, ಇಂಗ್ಲಿಷ್ ತಾಯ್ನುಡಿಯವರು ಅಲ್ಲಿ ಸ್ವರವನ್ನು ಸವೆಸುತ್ತಾರೆ.

ನಿಮ್ಮ ಪದದಲ್ಲಿ ಮುಖ್ಯ ಒತ್ತು ಎಂಟನೆಯ ಸಿಲೆಬಲ್ಲಾದ ‘ಟೇ’ ಮೇಲೆ ಬೀಳುತ್ತದೆ. ಇಷ್ಟು ಉದ್ದದ ಪದ ಒಂದೇ ಒತ್ತಿನಿಂದ ನಿಲ್ಲಲಾರದು. ಆದ್ದರಿಂದ ಒಂದನೆಯ ‘ಆನ್’ ಮೇಲೂ ಐದನೆಯ ‘ಸ್ಟಾಬ್’ ಮೇಲೂ ಕಡಿಮೆ ಬಲದ ಉಪ ಒತ್ತುಗಳಿರುತ್ತವೆ. ಕೆಲವರು ‘ಡಿಸ್’ ಅನ್ನೂ ತುಸು ಎತ್ತಿ ಹೇಳುತ್ತಾರೆ. ಮುಖ್ಯ ಒತ್ತು ಅಲ್ಲಿಯೇ ಏಕೆ ಬಿದ್ದಿತು ಎಂಬುದು ಇಡೀ ಪ್ರಶ್ನೆಯ ತಿರುಳು, ಮತ್ತು ಅದಕ್ಕೆ ಉತ್ತರ ಪ್ರತ್ಯಯದಲ್ಲಿದೆ. ‘ಎಸ್ಟಾಬ್ಲಿಷ್’ ಎಂಬಲ್ಲಿ ಒತ್ತು ‘ಸ್ಟಾಬ್’ ಮೇಲಿದೆ. ‘ಮೆಂಟ್’ ಸೇರಿದಾಗ ಅದು ಕದಲುವುದಿಲ್ಲ. ‘ಏರಿಯನ್’ ಸೇರಿದ ಕೂಡಲೇ ಒತ್ತು ಅದರ ಮೊದಲ ಸ್ವರಕ್ಕೆ ನೆಗೆಯುತ್ತದೆ, ಹಳೆಯ ಒತ್ತು ಉಪ ಒತ್ತಾಗಿ ಹಿಂದೆ ಉಳಿಯುತ್ತದೆ. ‘ಲೈಬ್ರರಿ’ಯಲ್ಲಿ ‘ಲೈ’ ಮೇಲಿದ್ದ ಒತ್ತು ‘ಲೈಬ್ರೇರಿಯನ್’ ಎಂಬಲ್ಲಿ ‘ಬ್ರೇ’ಗೆ ಹೋಗುತ್ತದೆ, ‘ಪಾರ್ಲಿಮೆಂಟ್’ ಎಂಬಲ್ಲಿ ‘ಪಾರ್’ ಮೇಲಿದ್ದದ್ದು ‘ಪಾರ್ಲಿಮೆಂಟೇರಿಯನ್’ ಎಂಬಲ್ಲಿ ‘ಟೇ’ಗೆ ಹೋಗುತ್ತದೆ, ‘ವೆಜಿಟೇರಿಯನ್’ ಎಂದು ಹೋಟೆಲಿನ ಫಲಕದಲ್ಲಿ ದಿನವೂ ಓದುವ ಪದವೂ ಇದೇ ನಿಯಮಕ್ಕೆ ಸೇರಿದೆ. ಕೊನೆಗೆ ಬರುವ ‘ಇಸಂ’ ಮತ್ತೆ ಒತ್ತನ್ನು ಮುಟ್ಟುವುದಿಲ್ಲ: ‘ಕ್ಯಾಪಿಟಲ್’ ಮತ್ತು ‘ಕ್ಯಾಪಿಟಲಿಸಂ’ ಎರಡರಲ್ಲಿಯೂ ಒತ್ತು ‘ಕ್ಯಾ’ ಮೇಲೆಯೇ.

ಇಂಗ್ಲಿಷ್ ಪ್ರತ್ಯಯಗಳಲ್ಲಿ ಹೀಗೆ ಎರಡು ಸ್ವಭಾವಗಳಿವೆ. ‘ಮೆಂಟ್’, ‘ನೆಸ್’, ‘ಲೆಸ್’, ‘ಫುಲ್’, ‘ಇಂಗ್’, ‘ಇಸಂ’ ಇವು ಪ್ರಕೃತಿಯ ಒತ್ತನ್ನು ಇದ್ದಲ್ಲಿಯೇ ಬಿಡುತ್ತವೆ. ‘ಇಕ್’, ‘ಇಟಿ’, ‘ಇಯನ್’, ‘ಷನ್’ ಮುಂತಾದವು ಒತ್ತನ್ನು ತಮ್ಮ ಹಿಂದಿನ ಸಿಲೆಬಲ್ಲಿಗೆ ಎಳೆದುಕೊಳ್ಳುತ್ತವೆ. ‘ಫೋಟೊಗ್ರಾಫ್’ ಎಂಬಲ್ಲಿ ‘ಫೋ’, ‘ಫೋಟೊಗ್ರಾಫಿಕ್’ ಎಂಬಲ್ಲಿ ‘ಗ್ರಾ’; ‘ಎಲೆಕ್ಟ್ರಿಕ್’ ಎಂಬಲ್ಲಿ ‘ಲೆಕ್’, ‘ಎಲೆಕ್ಟ್ರಿಸಿಟಿ’ ಎಂಬಲ್ಲಿ ‘ಟ್ರಿ’. ‘ಎಂಜಿನಿಯರ್’, ‘ಎಂಪ್ಲಾಯೀ’, ‘ಜಪಾನೀಸ್’ ಪದಗಳ ಪ್ರತ್ಯಯಗಳು ಒತ್ತನ್ನು ತಮ್ಮ ಮೇಲೆಯೇ ಹೊರುತ್ತವೆ. ವಿದ್ಯಾರ್ಥಿಗಳು ಸಾವಿರ ಪದಗಳ ಒತ್ತನ್ನು ಬಾಯಿಪಾಠ ಮಾಡುವುದಕ್ಕಿಂತ ಇಪ್ಪತ್ತು ಪ್ರತ್ಯಯಗಳ ಸ್ವಭಾವವನ್ನು ತಿಳಿದುಕೊಳ್ಳುವುದು ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರತ್ಯಯದ ಸುಳಿವಿಲ್ಲದ ಪದಗಳಲ್ಲಿ ನಮ್ಮ ಛಂದಸ್ಸು ಒಂದಿಷ್ಟು ನೆರವಾಗುತ್ತದೆ. ಲ್ಯಾಟಿನ್ನಿನಿಂದ ಬಂದ ಅನೇಕ ನಾಮಪದಗಳಲ್ಲಿ ಕೊನೆಯಿಂದ ಎರಡನೆಯ ಸಿಲೆಬಲ್ ಗುರುವಾಗಿದ್ದರೆ ಒತ್ತು ಅದರ ಮೇಲೆ, ಲಘುವಾಗಿದ್ದರೆ ಅದರ ಹಿಂದಿನದರ ಮೇಲೆ ಬೀಳುತ್ತದೆ. ‘ಅಜೆಂಡಾ’ದಲ್ಲಿ ‘ಜೆಂ’ ಗುರು, ಒತ್ತು ಅಲ್ಲಿಯೇ. ‘ಅಮೆರಿಕ’ದಲ್ಲಿ ‘ರಿ’ ಲಘು. ಒತ್ತು ಹಿಂದಿನ ‘ಮೆ’ ಮೇಲೆ. ‘ಕ್ಯಾಲೆಂಡರ್’ನಂತಹ ಅಪವಾದಗಳು ಬೇಕಾದಷ್ಟಿವೆ. ಆದರೂ ಗುರು ಲಘು ಹಾಕಿ ಪ್ರಸ್ತಾರ ಮಾಡಿದ ಕೈಗಳಿಗೆ ಈ ನಿಯಮ ಎಷ್ಟು ಬೇಗ ಹತ್ತುತ್ತದೆ ಎಂಬುದನ್ನು ನೀವು ತರಗತಿಯಲ್ಲಿಯೇ ಪರೀಕ್ಷಿಸಿ ನೋಡಬಹುದು.

ಪದವನ್ನು ಬಾಯಿಗೆ ತರಿಸಲು ಕೊನೆಯಿಂದ ಕಟ್ಟಿಕೊಂಡು ಬರುವುದು ಉತ್ತಮ ವಿಧಾನ. ಮೊದಲು ‘ಟೇರಿಯನಿಜಂ’ ಎಂದು ಒತ್ತಿ ಹೇಳಿಸಿ, ಆಮೇಲೆ ‘ಸ್ಟಾಬ್ಲಿಷ್‌ಮನ್‌ಟೇರಿಯನಿಜಂ’, ಆಮೇಲೆ ಉಳಿದದ್ದನ್ನು ಸೇರಿಸಿ. ಮುಂದಿನಿಂದ ಆರಂಭಿಸಿದವರಿಗೆ ಮುಖ್ಯ ಒತ್ತಿನ ಬಳಿ ಬರುವ ಹೊತ್ತಿಗೆ ಉಸಿರು ಮುಗಿದಿರುತ್ತದೆ. ಹಿಂದಿನಿಂದ ಕಟ್ಟಿದರೆ ಪ್ರತಿ ಸಲವೂ ಮಗು ತನಗೆ ಚೆನ್ನಾಗಿ ಬರುವ ಭಾಗದ ಕಡೆಗೇ ಸಾಗುತ್ತದೆ.

ಪ್ರಶ್ನೆ: ‘ನೇಷನ್’ ಎನ್ನುತ್ತೇವೆ, ‘ನ್ಯಾಷನಲ್’ ಎನ್ನುತ್ತೇವೆ. ಕಾಗುಣಿತ ಒಂದೇ ಇರುವಾಗ ಸ್ವರ ಏಕೆ ಬದಲಾಯಿತು? ‘ಇಂಟರ್‌ನ್ಯಾಷನಲೈಜೇಷನ್’ ಎಂಬ ಪದವನ್ನು ಕಂಪ್ಯೂಟರ್ ಕ್ಷೇತ್ರದವರು ‘ಐ18ಎನ್’ ಎಂದು ಬರೆಯುವುದೇಕೆ?
(ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಎರಡನೆಯದು ಸುಲಭ. ಆ ಪದದಲ್ಲಿ 20 ಅಕ್ಷರಗಳಿವೆ. ಮೊದಲ ‘ಐ’ ಮತ್ತು ಕೊನೆಯ ‘ಎನ್’ ನಡುವೆ 18 ಅಕ್ಷರಗಳು ಉಳಿಯುತ್ತವೆ. ಒಂದು ತಂತ್ರಾಂಶವನ್ನು ಕನ್ನಡವೂ ಸೇರಿದಂತೆ ಯಾವ ಭಾಷೆಗೆ ಬೇಕಾದರೂ ಒಗ್ಗಿಸಲು ಅನುಕೂಲವಾಗುವಂತೆ ರೂಪಿಸುವ ಕೆಲಸಕ್ಕೆ ಆ ಹೆಸರು.

ಮೊದಲನೆಯ ಪ್ರಶ್ನೆ ಇಂಗ್ಲಿಷಿನ ಇತಿಹಾಸಕ್ಕೆ ಸೇರಿದ್ದು. ದೀರ್ಘ ಸ್ವರವುಳ್ಳ ಪದಕ್ಕೆ ಪ್ರತ್ಯಯ ಸೇರಿ, ಆ ಸ್ವರದ ಮುಂದೆ ಎರಡು ಸಿಲೆಬಲ್‌ಗಳು ನಿಂತರೆ ಆ ದೀರ್ಘ ಹ್ರಸ್ವವಾಗುವ ಒಲವು ಹಿಂದೆ ಇಂಗ್ಲಿಷಿನಲ್ಲಿ ಬೆಳೆಯಿತು. ಸುಮಾರು 1400ರಿಂದ 1700ರವರೆಗಿನ ಅವಧಿಯಲ್ಲಿ ದೀರ್ಘ ಸ್ವರಗಳೆಲ್ಲವೂ ತಮ್ಮ ಸ್ಥಾನ ಬದಲಿಸಿದವು; ಆಗ ದೀರ್ಘವಾಗಿ ಉಳಿದಿದ್ದ ‘ನಾ’ ಕ್ರಮೇಣ ‘ನೇ’ ಆಯಿತು, ಹ್ರಸ್ವವಾದದ್ದು ಆ ಪಲ್ಲಟದಲ್ಲಿ ಸೇರದೆ ‘ನ್ಯಾ’ ಆಗಿ ಉಳಿಯಿತು. ‘ಸೇನ್’ ಮತ್ತು ‘ಸ್ಯಾನಿಟಿ’, ‘ಡಿವೈನ್’ ಮತ್ತು ‘ಡಿವಿನಿಟಿ’, ‘ಗ್ರೇವ್’ ಮತ್ತು ‘ಗ್ರ್ಯಾವಿಟಿ’ ಜೋಡಿಗಳಲ್ಲಿಯೂ ಇದೇ ಸಂಬಂಧವನ್ನು ಕಾಣಬಹುದು. ಕಾಗುಣಿತ ಬದಲಾಗದೆ ಉಳಿದದ್ದರಿಂದ ಕಣ್ಣಿಗೆ ಪದಗಳ ನಂಟು ಕಾಣುತ್ತದೆ, ಕಿವಿಗೆ ಕಾಣುವುದಿಲ್ಲ.

ನಿಮ್ಮ ಉದ್ದನೆಯ ಪದದಲ್ಲಿ ಇಂಟರ್, ನೇಷನ್, ಅಲ್, ಐಜ್, ಏಷನ್ ಎಂಬ ಐದು ಭಾಗಗಳಿವೆ. ‘ಇಂಟರ್‌ನ್ಯಾಷನಲ್’ ಎಂಬ ಪದವನ್ನು ಸೃಷ್ಟಿಸಿದವರು ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಮ್. ದೇಶಗಳ ನಡುವಿನ ಕಾನೂನನ್ನು ಹೆಸರಿಸಲು ಅವರು ಬಳಸಿದ ಆ ಪದ 1789ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿದೆ. ‘ಏಷನ್’ ಎಂಬ ಪ್ರತ್ಯಯ ತನ್ನ ಮೊದಲ ಸ್ವರದ ಮೇಲೆ ಒತ್ತನ್ನು ಹೊರುವುದರಿಂದ ಮುಖ್ಯ ಒತ್ತು ‘ಜೇ’ ಮೇಲೆ ಬೀಳುತ್ತದೆ. ನಿಧಾನವಾಗಿ ಹೇಳಿದರೆ ಎಂಟು ಸಿಲೆಬಲ್‌ಗಳು. ವೇಗದ ಮಾತಿನಲ್ಲಿ ‘ನ್ಯಾಷನಲ್’ ಎಂಬುದು ‘ನ್ಯಾಷ್ನಲ್’ ಆಗಿ ಏಳಕ್ಕೆ ಇಳಿಯುತ್ತದೆ. ಎರಡೂ ಸರಿಯೇ.

ಪ್ರಶ್ನೆ: ನಮ್ಮ ಮಗಳು 45 ಅಕ್ಷರಗಳ ರೋಗದ ಹೆಸರೊಂದನ್ನು ಬಾಯಿಪಾಠ ಮಾಡಿದ್ದಾಳೆ. ಅಂತಹ ರೋಗ ನಿಜವಾಗಿಯೂ ಇದೆಯೇ? ಆ ಪದವನ್ನು ಬಿಡಿಸಿ ತೋರಿಸುವಿರಾ?
(ಕೋಲಾರ ಜಿಲ್ಲೆಯ ಓದುಗರೊಬ್ಬರು)

ಉತ್ತರ: ನೀವು ಹೇಳುತ್ತಿರುವುದು ‘ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೆನೊಕೋನಿಯೋಸಿಸ್’ ಎಂಬ ಪದ. ಇದನ್ನು 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಸಂಘವೊಂದರ ಅಧ್ಯಕ್ಷರಾಗಿದ್ದ ಎವರೆಟ್ ಸ್ಮಿತ್ ಅವರು ಅತಿ ಉದ್ದದ ಪದವಾಗಲಿ ಎಂದೇ ಕಟ್ಟಿದರು. ವೈದ್ಯರು ಇದನ್ನು ಬಳಸುವುದಿಲ್ಲ. ಆದರೆ ಅದು ಸೂಚಿಸುವ ಕಾಯಿಲೆ ಕಲ್ಪಿತವಲ್ಲ. ಸಿಲಿಕಾ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ, ಮತ್ತೆ ಸರಿಪಡಿಸಲಾಗದ ಆ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ನಿಮ್ಮ ಜಿಲ್ಲೆಯ ಕೋಲಾರದ ಚಿನ್ನದ ಗಣಿಗಳಲ್ಲಿ, ಅವು 2001ರಲ್ಲಿ ಮುಚ್ಚುವವರೆಗೂ, ಕ್ವಾರ್ಟ್ಸ್ ಬಂಡೆಯನ್ನು ಕೊರೆದ ಕಾರ್ಮಿಕರ ಮನೆಗಳಿಗೆ ಈ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಗಳಿಗೆ ಪದದ ಜೊತೆಗೆ ಇದನ್ನೂ ತಿಳಿಸಿ.

ಪದವನ್ನು ಬಿಡಿಸಿದರೆ ಗ್ರೀಕ್ ಮತ್ತು ಲ್ಯಾಟಿನ್ ಧಾತುಗಳು ಬೆರೆತಿರುವುದು ಕಾಣುತ್ತದೆ. ‘ನ್ಯೂಮೊನೊ’ ಎಂದರೆ ಗ್ರೀಕಿನಲ್ಲಿ ಶ್ವಾಸಕೋಶ, ‘ಅಲ್ಟ್ರಾ’ ಲ್ಯಾಟಿನ್ನಿನಲ್ಲಿ ಆಚೆಗಿನದು, ‘ಮೈಕ್ರೊ’ ಮತ್ತು ‘ಸ್ಕೋಪ್’ ಗ್ರೀಕಿನ ಸಣ್ಣದು ಮತ್ತು ನೋಡು ಎಂಬ ಅರ್ಥದವು, ‘ಇಕ್’ ಎಂಬುದು ಗುಣವಾಚಕ ಪ್ರತ್ಯಯ, ‘ಸಿಲಿಕೊ’ ಎಂಬುದು ಚಕಮಕಿ ಕಲ್ಲನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದದ್ದು, ‘ವಾಲ್ಕೆನೊ’ ಎಂದರೆ ಅಗ್ನಿಪರ್ವತ, ರೋಮನ್ನರ ಅಗ್ನಿದೇವತೆಯ ಹೆಸರಿನಿಂದ ಬಂದದ್ದು, ‘ಕೋನಿ’ ಗ್ರೀಕಿನಲ್ಲಿ ಧೂಳು, ‘ಓಸಿಸ್’ ರೋಗಸ್ಥಿತಿ. ಮೊದಲನೆಯದೂ ಕೊನೆಯ ಎರಡೂ ಸೇರಿದ ಪದವನ್ನು ಜರ್ಮನಿಯ ವೈದ್ಯ ಜೆಂಕರ್ 1867ರಲ್ಲಿಯೇ ಧೂಳಿನಿಂದ ಬರುವ ಶ್ವಾಸಕೋಶದ ರೋಗಗಳಿಗೆ ಹೆಸರಾಗಿ ರೂಪಿಸಿದ್ದರು. ಅದರ ಕಿರಿದಾದ ರೂಪ ‘ನ್ಯೂಮೊಕೋನಿಯೋಸಿಸ್’ ಇಂದಿಗೂ ವೈದ್ಯಕೀಯದಲ್ಲಿದೆ. ಉಳಿದದ್ದೆಲ್ಲ ನಡುವೆ ತುರುಕಿದ್ದು.

ಇದರಲ್ಲಿ 19 ಸಿಲೆಬಲ್‌ಗಳಿವೆ. ಆರಂಭದ ‘ಪ್’ ಬರಹದಲ್ಲಿದ್ದರೂ ಉಚ್ಚಾರಣೆಯಲ್ಲಿ ಇಲ್ಲ, ಏಕೆಂದರೆ ಗ್ರೀಕಿನಲ್ಲಿ ಪದ ‘ಪ್ನ’ ಎಂಬ ಒತ್ತಕ್ಷರದಿಂದ ಆರಂಭವಾಗಬಹುದು, ಇಂಗ್ಲಿಷಿನಲ್ಲಿ ಹಾಗಾಗುವುದಿಲ್ಲ. ಮುಖ್ಯ ಒತ್ತು ಕೊನೆಯಿಂದ ಎರಡನೆಯದಾದ ‘ಓ’ ಮೇಲೆ ಬೀಳುತ್ತದೆ. ‘ಓಸಿಸ್’ ಎಂದು ಮುಗಿಯುವ ರೋಗದ ಹೆಸರುಗಳಲ್ಲಿ ಹೀಗೆಯೇ: ‘ಟ್ಯುಬರ್ಕ್ಯುಲೋಸಿಸ್’, ‘ಸಿಲಿಕೋಸಿಸ್’. ಉರಿಯೂತವನ್ನು ಸೂಚಿಸುವ ‘ಐಟಿಸ್’ ಇರುವಲ್ಲಿ ಒತ್ತು ‘ಐ’ ಮೇಲೆ ಬೀಳುತ್ತದೆ: ‘ಆರ್ಥ್ರೈಟಿಸ್’, ‘ಬ್ರಾಂಕೈಟಿಸ್’. ವೈದ್ಯಕೀಯ ಓದುವ ಮಕ್ಕಳು ಈ ಎರಡು ಪ್ರತ್ಯಯಗಳನ್ನು ಕಲಿತರೆ ನೂರಾರು ಹೆಸರುಗಳ ಒತ್ತು ಒಮ್ಮೆಗೇ ಸರಿಯಾಗುತ್ತದೆ.

ಪ್ರಶ್ನೆ: ಸಾಲಿನ ಕೊನೆಯಲ್ಲಿ ಇಂಗ್ಲಿಷ್ ಪದವನ್ನು ಒಡೆಯಬೇಕಾದಾಗ ಸಿಲೆಬಲ್ ನೋಡಿ ಒಡೆಯಬೇಕೇ, ಪದಭಾಗ ನೋಡಿ ಒಡೆಯಬೇಕೇ?
(ಧಾರವಾಡದ ಮುದ್ರಣಾಲಯವೊಂದರಲ್ಲಿ ಅಕ್ಷರ ಜೋಡಿಸುವವರು)

ಉತ್ತರ: ಇಂಗ್ಲಿಷ್ ಮುದ್ರಣದಲ್ಲಿಯೇ ಇದಕ್ಕೆ ಎರಡು ಸಂಪ್ರದಾಯಗಳಿವೆ. ಅಮೆರಿಕದವರು ಹೆಚ್ಚಾಗಿ ಉಚ್ಚಾರಣೆಯನ್ನು ಅನುಸರಿಸುತ್ತಾರೆ, ಬ್ರಿಟನ್ನಿನ ಹಳೆಯ ಮುದ್ರಕರು ಪದದ ವ್ಯುತ್ಪತ್ತಿಯನ್ನು ಅನುಸರಿಸುತ್ತಿದ್ದರು. ‘ನಾಲೆಜ್’ ಎಂಬ ಪದವನ್ನು ಅಮೆರಿಕದ ನಿಘಂಟುಗಳು ‘ಎಲ್’ ಅಕ್ಷರದ ಆಚೆ ಒಡೆಯುತ್ತವೆ. ಬ್ರಿಟಿಷ್ ಪದ್ಧತಿಯಲ್ಲಿ ‘ನೋ’ ಎಂಬ ಧಾತು ಪೂರ್ತಿಯಾಗಿ ಉಳಿಯುವಂತೆ ‘ಎಲ್’ ಅಕ್ಷರದ ಈಚೆಗೇ ಒಡೆಯುತ್ತಾರೆ. ನೀವು ಬಳಸುವ ಪುಟವಿನ್ಯಾಸದ ತಂತ್ರಾಂಶಕ್ಕೆ ಅರ್ಥವೂ ಗೊತ್ತಿಲ್ಲ, ಉಚ್ಚಾರಣೆಯೂ ಗೊತ್ತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ಲಿನ್ ಲಿಯಾಂಗ್ ಅವರು 1983ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ರೂಪಿಸಿದ ವಿಧಾನವು ಅಕ್ಷರಗಳ ಸಣ್ಣ ಸಣ್ಣ ವಿನ್ಯಾಸಗಳನ್ನು ನಿಘಂಟಿನಿಂದ ಹೆಕ್ಕಿ, ಎಲ್ಲಿ ಒಡೆಯಬಹುದು, ಎಲ್ಲಿ ಒಡೆಯಬಾರದು ಎಂದು ನಿರ್ಧರಿಸುತ್ತದೆ. ಇಂದಿನ ಅನೇಕ ತಂತ್ರಾಂಶಗಳು ಅದೇ ವಿಧಾನವನ್ನು ಅನುಸರಿಸುತ್ತವೆ.

ತಂತ್ರಾಂಶದಲ್ಲಿ ಬ್ರಿಟಿಷ್ ಇಂಗ್ಲಿಷ್ ಅಥವಾ ಅಮೆರಿಕನ್ ಇಂಗ್ಲಿಷ್ ಎಂದು ಒಂದನ್ನು ಆರಿಸಿಕೊಂಡು ಪುಸ್ತಕದುದ್ದಕ್ಕೂ ಅದನ್ನೇ ಉಳಿಸಿಕೊಳ್ಳಿ. ಮೊದಲ ಪ್ರಶ್ನೆಯ ಉದ್ದನೆಯ ಪದವೇ ಸಾಲಿನ ಕೊನೆಗೆ ಬಂದರೆ ‘ಆಂಟಿ’ ಆದ ಮೇಲೆ, ‘ಡಿಸ್’ ಆದ ಮೇಲೆ ಅಥವಾ ‘ಎಸ್ಟಾಬ್ಲಿಷ್’ ಆದ ಮೇಲೆ ಒಡೆಯಿರಿ. ಆ ಮೂರು ಕಡೆಗಳಲ್ಲಿ ಅರ್ಥದ ಗಡಿಯೂ ನಿಧಾನವಾದ ಉಚ್ಚಾರಣೆಯ ಗಡಿಯೂ ಕೂಡಿ ಬರುತ್ತವೆ, ಓದುವವರಿಗೆ ಎಲ್ಲಿಯೂ ತೊಡಕಾಗುವುದಿಲ್ಲ. ‘ಇಸಂ’ ಎಂಬುದನ್ನು ಮಾತ್ರ ‘ಎಸ್’ ಮತ್ತು ‘ಎಮ್’ ನಡುವೆ ಎಂದೂ ಒಡೆಯಬೇಡಿ. ಬಾಯಿಯಲ್ಲಿ ಅಲ್ಲಿ ಎರಡು ಸಿಲೆಬಲ್‌ಗಳಿದ್ದರೂ, ಮುಂದಿನ ಸಾಲಿಗೆ ಹೋಗುವ ಒಂಟಿ ‘ಎಮ್’ ಅಕ್ಷರವನ್ನು ಯಾವ ಸಂಪ್ರದಾಯವೂ ಒಪ್ಪುವುದಿಲ್ಲ.